ಸೋಸದ ನೀರಿನ ಪುಣ್ಯ

ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಪುಣ್ಯವಂತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಮಾತು ಆಡಿದಾಗಲೆಲ್ಲ ಎದುರಿಗಿದ್ದವರು ನನ್ನನ್ನು ಕಟುಕನನ್ನು ನೋಡಿದ ಹಾಗೆ ನೋಡುತ್ತಾರೆ. ನೋಡಲಿ. ಆದರೆ ಪೂರ್ತಿ ಕೇಳಿ ಆಮೇಲೆ ನೋಡಲಿ.

ನಮ್ಮದು ಮಧುಗಿರಿ. ಊರು ಮುಗಿದು ಪಾವಗಡದ ರಸ್ತೆ ಶುರುವಾಗುವಲ್ಲಿ ಒಂದು ಆಲದ ಮರ, ಅದರ ಕೆಳಗೆ ಗರಿಯ ಚಪ್ಪರ, ಚಪ್ಪರದೊಳಗೆ ಒದ್ದೆ ಮರಳಿನ ಮೇಲೆ ಕೂತ ಎರಡು ಮಣ್ಣಿನ ಗುಡಾಣ. ಯುಗಾದಿಗೆ ಮೊದಲೇ ಶುರುವಾಗಿ ಮೊದಲ ಮಳೆ ಬೀಳುವ ತನಕ ನಡೆಯುವ ಈ ಅರವಟ್ಟಿಗೆ ನನ್ನ ದೊಡ್ಡಪ್ಪನದು. ದೊಡ್ಡಪ್ಪ ಎಂದರೆ ನಮ್ಮ ತಂದೆಯ ಅಣ್ಣ, ಮನೆಯ ಯಜಮಾನ. ಸಂಜೆ ಬಿಸಿಲು ಇಳಿದ ಮೇಲೆ ಅಲ್ಲಿಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಒಬ್ಬರಿಗಾದರೂ ತನ್ನ ಕೈಯಾರೆ ಒಂದು ಲೋಟ ನೀರು ಕೊಟ್ಟದ್ದನ್ನು ನಾನು ಕಂಡಿಲ್ಲ. "ಏನಪ್ಪಾ, ಹೊಟ್ಟೆ ತಣ್ಣಗಾಯಿತೇ?" ಎಂದು ಕೇಳುವುದಷ್ಟೇ ಅವನ ಕೆಲಸ. ಕುಡಿದವನು ಕೈಮುಗಿದು "ನಿಮ್ಮ ಮನೆ ತಣ್ಣಗಿರಲಿ ಸ್ವಾಮಿ" ಎನ್ನುವವರೆಗೆ ದೊಡ್ಡಪ್ಪ ಅವನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ.

ನೀರು ಹೊಯ್ಯುತ್ತಿದ್ದವಳು ನನ್ನ ಸೋದರತ್ತೆ, ದೊಡ್ಡಪ್ಪನ ತಂಗಿ. ಹದಿನಾರಕ್ಕೆ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತೌರಿಗೆ ಬಂದವಳು. ಬೆಳಿಗ್ಗೆ ಮಡಿಯುಟ್ಟು ಇಡೀ ಮನೆಗೆ ಅಡಿಗೆ ಮಾಡುವುದು, ಎಲ್ಲರ ಊಟ ಮುಗಿದ ಮೇಲೆ ಅರವಟ್ಟಿಗೆಗೆ ಹೋಗಿ ಬಾಯಾರಿದವರಿಗೆ ನೀರು ಹೊಯ್ಯುವುದು. ಬ್ರಾಹ್ಮಣರ ಹೆಂಗಸು ಹೊಯ್ದರೆ ಯಾವ ಜಾತಿಯವನಾದರೂ ಕುಡಿಯುತ್ತಾನೆ ಎಂಬ ಲೆಕ್ಕ. ಅವಳು ಸೀಳಿದ ಬಿದಿರಿನ ಈ ತುದಿಗೆ ಹೊಯ್ದರೆ ಅವರು ಆ ತುದಿಯಲ್ಲಿ ಬೊಗಸೆ ಒಡ್ಡಿ ಕುಡಿಯಬೇಕು. ದಯೆಗೂ ಮೂರು ಮೊಳದ ಅಂತರ ಬೇಕು, ನೋಡಿ.

ಆ ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಚಪ್ಪರದ ಹಿಂದೆಯೇ ಒಂದು ಮೆಟ್ಟಿಲು ಬಾವಿ. ಗಾಡಿಯವರು, ಕುರಿಯವರು, ಸಂತೆಗೆ ಹೋಗುವವರು ಎಲ್ಲರೂ ಮೊಣಕಾಲು ಮುಳುಗುವ ತನಕ ಇಳಿದು ಕೈಕಾಲು ತೊಳೆದುಕೊಳ್ಳುವ ಬಾವಿ. ನಮ್ಮ ಮನೆಯವರು ಆ ನೀರು ಮುಟ್ಟುತ್ತಿರಲಿಲ್ಲ. "ಕಂಡಕಂಡವರು ಕಾಲಿಡೋ ನೀರು" ಎಂದು ದೊಡ್ಡಪ್ಪ ಮೂಗು ಮುರಿಯುತ್ತಿದ್ದ. ನಮಗೆ ಹಿತ್ತಲಲ್ಲಿ ಹಗ್ಗ ಹಾಕಿ ಸೇದುವ ಬಾವಿ ಇತ್ತು. ಅಂದರೆ ತಾನು ಕುಡಿಯಲಾರದ ನೀರನ್ನು ಪರರಿಗೆ ಕುಡಿಸಿ ಪುಣ್ಯ ಗಳಿಸುವ ಏರ್ಪಾಡು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಇಡೀ ಮಧುಗಿರಿಯಲ್ಲಿ ಒಬ್ಬನಿಗೂ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ವರ್ಷದ ತನಕ ನನಗೂ ಅನ್ನಿಸಿರಲಿಲ್ಲ.

ಆ ವರ್ಷ ಎಂದರೆ ಎರಡು ವರ್ಷದ ಹಿಂದೆ. ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಯಾವ ವಿಷಯ ಕೊಟ್ಟರೂ, ಯಾವ ಪಕ್ಷ ಕೊಟ್ಟರೂ ಗೆಲ್ಲುವವನು ಎಂದು ಹೆಸರಾಗಿದ್ದೆ. ಯುಗಾದಿಗೆ ನಾಲ್ಕೈದು ದಿನ ಇದ್ದಾಗ ಅರವಟ್ಟಿಗೆಯ ಹತ್ತಿರ ಒಂದು ಕುರಿಮಂದೆ ಬಂದು ನಿಂತಿತು. ಮಂದೆಯ ಯಜಮಾನ ಐವತ್ತರ ಆಸುಪಾಸಿನವನು, ನಿಡುಗಲ್ಲಿನ ಕಡೆಯವನು. ಹೆಂಡತಿಯ ಹೆಗಲು ಹಿಡಿದು ಒಂಟಿ ಕಾಲಿನಲ್ಲಿ ಕುಪ್ಪಳಿಸಿಕೊಂಡು ಬಂದು ಮರದ ಬುಡದಲ್ಲಿ ಕುಕ್ಕರಿಸಿದ. ಎಡಗಾಲಿನ ಹರಡಿನ, ಅಂದರೆ ಪಾದದ ಕೀಲಿನ, ಮೇಲೆ ಬೊಬ್ಬೆ ಒಡೆದು, ಒಳಗಿನಿಂದ ಬಿಳಿಯ ದಾರದ ತುದಿಯಂಥದೊಂದು ಹೊರಗೆ ಇಣುಕಿತ್ತು. ಅದನ್ನು ಪರಕೆಕಡ್ಡಿಗೆ ಸುತ್ತಿ, ಕಡ್ಡಿಯನ್ನು ಕಾಲಿಗೆ ಕಟ್ಟಿದ್ದರು.

"ಏನಯ್ಯಾ ಅದು?" ಎಂದೆ.

"ನಾರುಹುಣ್ಣು ಬುದ್ಧಿ. ನಮ್ಮ ಕಡೀಕೆ ನಾರಿ ಕುರುಪು ಅಂತೀವಿ. ಹೆಸ್ರು ಯಾವ್ದಾದ್ರೇನು, ಕನ್ನಡ್ದಾಗೂ ಉರೀತದೆ, ತೆಲುಗ್ನಾಗೂ ಉರೀತದೆ."

ಸೋದರತ್ತೆ ಬಿದಿರಿಗೆ ನೀರು ಹೊಯ್ಯುತ್ತ, "ಹೋದ ವರ್ಷ ಇದೇ ಮರದ ಕೆಳಗೆ ಕೂತು ಮೂರು ಚೊಂಬು ಕುಡಿದೆಯಲ್ಲೋ, ಕುದುರೆ ಹಾಗೆ ಓಡಾಡ್ತಿದ್ದೆ!" ಎಂದಳು.

"ಹೂಂ ಕಣಮ್ಮೋರೇ. ನಿಮ್ಮ ಕೈನೀರು ಕುಡ್ದು ವರ್ಷ ಆಗೋಯ್ತು."

ಒಂದು ವರ್ಷ. ಆ ಮಾತು ನನ್ನ ತಲೆಯಲ್ಲಿ ಗಂಟೆ ಹೊಡೆದಂತಾಯಿತು. ಹೈಸ್ಕೂಲಿನ ಆರೋಗ್ಯಶಾಸ್ತ್ರದ ಪಾಠದಲ್ಲಿ ಓದಿದ್ದೆ: ಹುಣ್ಣಿನ ಕಾಲನ್ನು ನೀರಿಗೆ ಇಟ್ಟರೆ ನಾರುಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ನೀರಿನ ಸಣ್ಣ ಕ್ರಿಮಿಗಳು ಅವನ್ನು ನುಂಗುತ್ತವೆ, ಆ ನೀರನ್ನು ಕುಡಿದವನ ಮೈಯಲ್ಲಿ ಮರಿ ಬೆಳೆದು, ವರ್ಷ ತುಂಬುವ ಹೊತ್ತಿಗೆ ಕಾಲು ಸೀಳಿಕೊಂಡು ಹೊರಗೆ ಬರುತ್ತದೆ. ತಪ್ಪಿಸುವುದಕ್ಕೆ ಔಷಧ ಬೇಡ, ಡಾಕ್ಟರು ಬೇಡ. ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿದರೆ ಸಾಕು. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಉತ್ತರ ಬರೆದ ಕೈ, ಬಾವಿ ನೋಡಿದ ಕಣ್ಣು, ಎರಡೂ ಒಬ್ಬನವೇ. ಒಂದಕ್ಕೊಂದು ಪರಿಚಯವಿರಲಿಲ್ಲ, ಅಷ್ಟೆ. ನಮ್ಮ ವಿದ್ಯೆಯ ಯೋಗ್ಯತೆ ಅದು.

ಕುರಿಯವನ ಕಷ್ಟ ಇಷ್ಟು. ಕೊರಟಗೆರೆಯ ಹತ್ತಿರ ತೋಟದವರು ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಹೇಳಿಕಳಿಸಿದ್ದರು. ಹೆಂಡತಿ ಮಂದೆ ಹೊಡೆದುಕೊಂಡು ಮುಂದೆ ಹೋಗಬೇಕು. ಇವನು ಹುಳು ಪೂರ್ತಿ ಹೊರಬರುವ ತನಕ ಇಲ್ಲೇ ಬಿದ್ದಿರಬೇಕು. ದಿನಕ್ಕೆ ಕಡ್ಡಿಯ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಅವಸರ ಮಾಡಿ ಎಳೆದರೆ ಹುಳು ಒಳಗೇ ಹರಿದುಹೋಗುತ್ತದೆ, ಕಾಲು ಕೀವು ತುಂಬಿ ಮಡಚಲಾರದಂತೆ ಮರಗಟ್ಟುತ್ತದೆ.

"ನಮ್ಮಪ್ಪಂಗೆ ಅಂಗೇ ಆಯ್ತು ಬುದ್ಧಿ. ಎಳೆದ್ಬುಟ್ರು. ಆಮ್ಯಾಕೆ ಸಾಯಗಂಟ ಜಗುಲಿ ಬುಟ್ಟು ಇಳೀಲಿಲ್ಲ. ಕುರಿ ಕಾಯೋನ್ಗೆ ಕಾಲೇ ಹೊಲ, ಕಾಲೇ ಮನೆ. ಇದೊಂದು ನೆಟ್ಟಗೆ ಉಳ್ದ್ರೆ ಸಾಕು, ಇನ್ನೇನೂ ಬ್ಯಾಡ."

ಹೆಂಡತಿ ಮಂದೆ ಹೊಡೆದುಕೊಂಡು ಹೋದಳು. ಹೋಗುವಾಗ ಕಡ್ಡಿಯ ಕಡೆ ಬೆರಳು ತೋರಿಸಿ, "ಯಾರೇನಾರ ಅಂದ್ರೂ ಒಂದೇ ಸುತ್ತು, ಗ್ಯಾನ ಐತಾ?" ಎಂದು ಗದರಿಸಿದಳು.

ಮರುದಿನ ಮಧ್ಯಾಹ್ನ ನಾನು ಹೋಗಿ ನೋಡುತ್ತೇನೆ, ಆಸಾಮಿ ಮೆಟ್ಟಿಲು ಬಾವಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದಾನೆ. ಅವನಿಂದ ಎರಡು ಮಾರು ಆಚೆ ಸೋದರತ್ತೆ ಕೊಡ ಮುಳುಗಿಸುತ್ತಿದ್ದಾಳೆ. ನಾನು ಕೂಗಾಡಿದೆ. ಅವನು ಗಾಬರಿಯಾಗಿ ಕಾಲು ತೆಗೆದ. ಸಂಜೆ ದೊಡ್ಡಪ್ಪನ ಮುಂದೆ ಪಂಚಾಯಿತಿ ಆಯಿತು.

"ನೋವಿನವನು ಕಣೋ. ಉರಿ ತಾಳಲಾರದೆ ಕಾಲು ಅದ್ದಿದ. ಅದಕ್ಕೂ ಬೇಡ ಅನ್ನೋ ಮನಸ್ಸು ನಿನಗೆ ಹೇಗೆ ಬಂತೋ?" ಎಂದ ದೊಡ್ಡಪ್ಪ. ಕಣ್ಣಿನಲ್ಲಿ ನೀರೇ ಬಂದುಬಿಟ್ಟಿತ್ತು, ಪುಣ್ಯಾತ್ಮನಿಗೆ.

ನಾನು ಪಾಠ ಒಪ್ಪಿಸಿದೆ. ಬಾವಿಯ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಇಳಿಬಿಸಿಲಿಗೆ ಹಿಡಿದು, ಚುಕ್ಕಿಗಳಂಥ ಕ್ರಿಮಿಗಳು ಕುಪ್ಪಳಿಸುವುದನ್ನು ತೋರಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದ.

"ಸರಿ, ಹುಳ ಇವೆ. ಅವನು ಹತ್ತೂರು ತಿರುಗುವವನು. ಹತ್ತೂರಿನ ನೀರು ಕುಡಿದಿದ್ದಾನೆ. ನಮ್ಮ ನೀರಿನಿಂದಲೇ ಬಂತು ಅಂತ ನಿನ್ನ ಹತ್ತಿರ ಏನು ಸಾಕ್ಷಿ?"

ಒಪ್ಪಬೇಕು, ಒಳ್ಳೆಯ ಪ್ರಶ್ನೆ. ಎದುರುಪಕ್ಷದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಸಾಕ್ಷಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಪರಿಚಯವಿಲ್ಲದವರಿಗೆ ಉಪಕಾರ ಮಾಡುವುದರಲ್ಲಿರುವ ದೊಡ್ಡ ಅನುಕೂಲವೇ ಅದು: ಅವರು ಹೊರಟುಹೋಗುತ್ತಾರೆ. ಕೈಮುಗಿದದ್ದು ನಿಮ್ಮ ಕಣ್ಣಮುಂದೆ. ಕಾಲು ಬಾತದ್ದು ಒಂದು ವರ್ಷದ ಮೇಲೆ, ನಿಮಗೆ ಗೊತ್ತಿಲ್ಲದ ಯಾವುದೋ ಹಟ್ಟಿಯಲ್ಲಿ. ಮನೆಯವರಿಗೆ ಇದೇ ನೀರು ಕೊಟ್ಟಿದ್ದರೆ ಎರಡನೆಯ ಬೇಸಿಗೆಗೇ ಬುದ್ಧಿ ಬರುತ್ತಿತ್ತು.

"ಸಾಕ್ಷಿ ಬೇಡ ದೊಡ್ಡಪ್ಪಾ. ಗುಡಾಣದ ಬಾಯಿಗೆ ಒಂದು ಬಟ್ಟೆ ಕಟ್ಟಿಸು. ತಪ್ಪಾದರೆ ಒಂದು ಬಟ್ಟೆ ಹೋಯಿತು, ಸರಿಯಾದರೆ ನೂರು ಕಾಲು ಉಳಿಯಿತು."

ಅದಕ್ಕೆ ಬಂದ ಉತ್ತರವನ್ನು ಯಾವ ಚರ್ಚಾಕೂಟದಲ್ಲಿಯೂ ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ.

"ಬಟ್ಟೆ ಕಟ್ಟಿ ಸೋಸೋದಕ್ಕೆ ನಾವೇನು ಜೈನರೇನೋ?"

ನಮ್ಮ ಬೀದಿಯ ಕೊನೆಯಲ್ಲಿ ಒಂದು ಜೈನರ ಮನೆ. ಅವರು ನೀರು ಸೋಸದೆ ಕುಡಿಯುವುದಿಲ್ಲ. ಕಾಣದ ಕ್ರಿಮಿಗೂ ನೋವಾಗಬಾರದು ಎಂದು ಅವರ ಲೆಕ್ಕ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರ ಕಾಲಿಗೂ ಕಡ್ಡಿ ಕಟ್ಟಿದ್ದನ್ನು ಊರು ಕಂಡಿಲ್ಲ. ಅವರ ಕಾರಣ ಹೇಗೇ ಇರಲಿ, ಕಾಲು ನೆಟ್ಟಗಿತ್ತು. ನಮ್ಮವರಿಗೆ ಮಾತ್ರ ಕಾಲಿಗಿಂತ ಗುರುತು ಮುಖ್ಯ. ನಮ್ಮ ಗುಡಾಣದ ಬಾಯಿಗೆ ಬಟ್ಟೆ ಕಂಡರೆ ಹಾದುಹೋಗುವವರು ಇದು ಜೈನರ ಅರವಟ್ಟಿಗೆ ಅಂದುಕೊಂಡಾರು, ಪುಣ್ಯ ವಿಳಾಸ ತಪ್ಪಿ ಇನ್ನೊಬ್ಬರ ಮನೆಗೆ ಹೋದೀತು. ಈ ಭಯಕ್ಕೆ ದೊಡ್ಡಪ್ಪ ದಾರಿಹೋಕರ ಕಾಲುಗಳನ್ನು ಒತ್ತೆಯಿಟ್ಟ.

ವಾದದಲ್ಲಿ ಸೋತ ಸಿಟ್ಟಿಗೆ ನಾನೊಂದು ಕೆಲಸ ಮಾಡಿದೆ. ದಿನವೂ ಎರಡು ಹೊತ್ತು ಹಳೆಯ ಬಕೆಟ್ಟಿನಲ್ಲಿ ನೀರು ತಂದು ಮರದ ಕೆಳಗಿಟ್ಟು, ಕುರಿಯವನ ಕಾಲನ್ನು ಅದರಲ್ಲೇ ಅದ್ದಿಸಿ, ಆ ನೀರನ್ನು ದೂರದ ಮರಳಿಗೆ ಚೆಲ್ಲುತ್ತಿದ್ದೆ. ಇದನ್ನು ಯಾರೂ ದಯೆ ಎಂದುಕೊಳ್ಳಬೇಡಿ. ದೊಡ್ಡಪ್ಪನ ಬಾವಿಗೆ ಆ ಕಾಲು ಇಳಿಯಬಾರದು ಎಂಬ ಹಟ. ಕಡ್ಡಿಯ ಸುತ್ತನ್ನು ಸೋದರತ್ತೆ ನೋಡಿಕೊಂಡಳು. ಮುಟ್ಟಿದ್ದಕ್ಕೆ ದಿನವೂ ಸಂಜೆ ಇನ್ನೊಮ್ಮೆ ತಲೆಗೆ ಸ್ನಾನ.

"ಅವಸರ ಮಾಡಬೇಡವೋ, ಬರ್ತಾ ಇದೆ," ಎಂದು ಅವಳು ಸುತ್ತುವಾಗ ಅವನು ಹಲ್ಲು ಕಚ್ಚಿಕೊಂಡು, "ನಿಧಾನ ಅಮ್ಮೋರೇ, ಅದೂ ನನ್ನಂಗೆ ಪರದೇಸಿ. ಜಾಗ ಬುಟ್ಟು ಹೋಗಾಕೆ ಮನಸ್ಸಿಲ್ಲ ಅದಕ್ಕೆ" ಎನ್ನುತ್ತಿದ್ದ.

ಹತ್ತು ದಿನ ಹೀಗೆ ನಡೆಯಿತು. ಹುಳು ಮುಕ್ಕಾಲು ಪಾಲು ಹೊರಗೆ ಬಂದಿತ್ತು. ಅವನು ಚಪ್ಪರದ ಕಂಬ ಹಿಡಿದು ಹೆಜ್ಜೆ ಊರಿ ನೋಡುತ್ತಿದ್ದ. ಆಗ ನನಗೆ ತುಮಕೂರಿನಿಂದ ಕಾಗದ ಬಂತು: ರಾಮನವಮಿಗೆ ಚರ್ಚಾಸ್ಪರ್ಧೆ, ವಿಷಯ "ಜನಸೇವೆಯೇ ವಿದ್ಯಾವಂತನ ಮೊದಲ ಧರ್ಮ." ಹೊರಟೆ. ಹೊರಡುವಾಗ ಬಕೆಟ್ಟನ್ನು ಯಾರಿಗೆ ಒಪ್ಪಿಸಬೇಕು, ಕಡ್ಡಿ ಮುಟ್ಟಬೇಡಿ ಎಂದು ಯಾರಿಗೆ ಹೇಳಬೇಕು, ಒಂದನ್ನೂ ಯೋಚಿಸಲಿಲ್ಲ. ಜನಸೇವೆಯ ಪರವಾಗಿ ಇಪ್ಪತ್ತು ನಿಮಿಷ ಮಾತಾಡಬೇಕಿತ್ತು. ತಯಾರಿ ಆಗಬೇಕಿತ್ತು.

ಗೆದ್ದೆ. ಬೆಳ್ಳಿಯ ಬಟ್ಟಲು ಕೊಟ್ಟರು. ಮೂರನೆಯ ದಿನ ಬಸ್ಸಿಳಿದು ನೆಟ್ಟಗೆ ಅರವಟ್ಟಿಗೆಗೆ ಬಂದೆ. ಕುರಿಯವನು ಗರಿಯ ಚಾಪೆಯ ಮೇಲೆ ಮಲಗಿದ್ದ. ಎಡಗಾಲು ಮೊಣಕಾಲಿನ ತನಕ ಕುಂಬಳಕಾಯಿಯ ಹಾಗೆ ಊದಿತ್ತು. ಮೈ ಕೆಂಡ. ಕಡ್ಡಿ ಇರಲಿಲ್ಲ.

ನಡೆದದ್ದನ್ನು ಸೋದರತ್ತೆ ಹೇಳಿದಳು. ರಾಮನವಮಿಯ ದಿನ ತಾಲ್ಲೂಕಿನ ಅಮಲ್ದಾರರು ಅರವಟ್ಟಿಗೆಗೆ ಬಂದು ಪಾನಕ ಸ್ವೀಕರಿಸುವುದು ಎಂದು ಏರ್ಪಾಡಾಗಿತ್ತು. (ಪಾನಕ ನಮ್ಮ ಹಿತ್ತಲ ಬಾವಿಯ ನೀರಿನದು, ಕೇಳಬೇಕೆ.) ದೊಡ್ಡವರು ಬರುವ ಕಡೆ ನಾರುವ ಹುಣ್ಣಿನವನನ್ನು ಇಟ್ಟುಕೊಳ್ಳುವುದು ಹೇಗೆ? ಆಚೆಗೆ ಅಟ್ಟಲು ದೊಡ್ಡಪ್ಪನ ಮೃದು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಹಿಂದಿನ ದಿನ ಒಬ್ಬ ನಾಟಿ ವೈದ್ಯನನ್ನು ಕರೆಸಿ, ಪಾಪ, ಒಂದೇ ಸಲಕ್ಕೆ ಎಳೆದು ಅವನ ಸಂಕಟ ಮುಗಿಸಿಬಿಡು ಎಂದ. ಸೋದರತ್ತೆ ಆಗ ಮನೆಯಲ್ಲಿ ಮಡಿಯಲ್ಲಿ ಹಬ್ಬದಡಿಗೆ ಮಾಡುತ್ತಿದ್ದಳು. ವೈದ್ಯ ಎಳೆದ. ಹುಳು ಹರಿಯಿತು.

"ಬೇಡ ಅನ್ನಲಿಲ್ಲವೇನಯ್ಯಾ ನೀನು? ನಿಮ್ಮಪ್ಪನ ಕಥೆ ನನಗೆ ಹೇಳಿದವನು ನೀನೇ ಅಲ್ಲವೇ?" ಎಂದು ನಾನು ಅವನ ಮೇಲೇ ರೇಗಿದೆ.

"ಅಂದೆ ಬುದ್ಧಿ. ಮೆತ್ತಗೆ ಅಂದೆ. ಅಷ್ಟು ದಿನ ಅನ್ನ ನೀರು ಕೊಟ್ಟೋರು. ಗಟ್ಟಿಯಾಗಿ ಬ್ಯಾಡ ಅನ್ನಾಕೆ ಬಾಯಿ ಬರ್ನಿಲ್ಲ." ಆಮೇಲೆ ತಾನಾಗಿ, "ನಿಮ್ಮ ದೊಡ್ಡಪ್ಪಾರು ಒಳ್ಳೇರೇ ಬುದ್ಧಿ. ವೈದ್ಯ ಎಳೀಬೇಕಾದ್ರೆ ನನ್ನ ತಲೆ ತಾವೇ ಹಿಡ್ಕಂಡಿದ್ರು" ಎಂದ.

ಅಂದರೆ ಇಷ್ಟು ವರ್ಷಕ್ಕೆ ದೊಡ್ಡಪ್ಪನ ಕೈ ಒಬ್ಬ ದಾರಿಹೋಕನನ್ನು ಮುಟ್ಟಿತ್ತು. ಮುಟ್ಟಿದ್ದು ಇದಕ್ಕೆ.

ಆ ಸಂಜೆ ನಾನು ದೊಡ್ಡಪ್ಪನ ಮುಂದೆ ನಿಂತು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವನು ಕುರ್ಚಿಯಲ್ಲಿ ಒರಗಿ ಶಾಂತವಾಗಿ ಕೇಳಿದ. "ಒಳ್ಳೇದಾಗಲಿ ಅಂತ ಮಾಡಿದೆ. ಅವನ ಹಣೆಬರಹ ಹಾಗಿತ್ತು. ನೀನು ಬಟ್ಟಲು ತಂದಿದ್ದೀಯಂತೆ, ಸಂತೋಷ. ಎಲ್ಲಿ, ತೋರಿಸು."

ಆಗ ಗುಡಾಣದ ಹತ್ತಿರದಿಂದ ಪರ್ರೆಂದು ಬಟ್ಟೆ ಹರಿದ ಸದ್ದು ಕೇಳಿಸಿತು. ಸೋದರತ್ತೆ ಒಂದು ಕೆಂಪು ಸೀರೆಯನ್ನು ಅಡ್ಡಡ್ಡ ಹರಿದು, ಎರಡು ಪದರ ಮಡಚಿ, ಗುಡಾಣದ ಬಾಯಿಗೆ ಬಿಗಿಯುತ್ತಿದ್ದಳು.

"ಏನೇ ಅದು? ತೆಗಿಯೇ! ಉಟ್ಟ ಸೀರೆಯ ತುಂಡನ್ನ ಕುಡಿಯೋ ನೀರಿಗೆ ಕಟ್ಟುತೀಯಾ?" ಎಂದು ದೊಡ್ಡಪ್ಪ ಕುರ್ಚಿಯಿಂದ ಎದ್ದ.

"ನನ್ನ ಮಡಿ ಸೀರೆ ಅಣ್ಣಾ. ನಾನೇ ಒಗೆದು, ಯಾರೂ ಮುಟ್ಟದ ಹಾಗೆ ಗಳದ ಮೇಲೆ ಒಣಗಿಸಿದ್ದು. ಇಂಥದ್ದನ್ನೇ ಉಟ್ಟು ಮೂವತ್ತು ವರ್ಷದಿಂದ ನಿನಗೆ ಅನ್ನ ಮಾಡಿ ಬಡಿಸಿದೀನಿ. ಇದಕ್ಕಿಂತ ಶುದ್ಧವಾದ ಬಟ್ಟೆ ನಿನ್ನ ಮನೇಲಿ ಯಾವುದಿದೆ, ನೀನೇ ತೋರಿಸು. ಅದನ್ನೇ ಕಟ್ಟುತೀನಿ."

ಅಶುದ್ಧ ಎಂದರೆ ಮೂವತ್ತು ವರ್ಷದ ಊಟ ಮೈಲಿಗೆ. ಶುದ್ಧ ಎಂದರೆ ಬಟ್ಟೆ ಅಲ್ಲೇ ಇರಬೇಕು. ದೊಡ್ಡಪ್ಪ ಮನೆಯ ಕಡೆ ನಡೆದ.

ನಾನು ಗಾಜಿನ ಲೋಟ, ಪಾಠಪುಸ್ತಕ, ನೂರು ಕಾಲು ಎಂದು ಗಂಟಲು ಹರಿದುಕೊಂಡಿದ್ದೆ. ಅವಳು ಎದುರಾಳಿಯ ನಂಬಿಕೆಯನ್ನೇ ಹಿಡಿದು ಅವನನ್ನು ಮನೆಗೆ ಕಳಿಸಿದಳು. ಒಂದೇ ವರಸೆ. ಅವಳಿಗೆ ಯಾರೂ ಬಟ್ಟಲು ಕೊಡಲಿಲ್ಲ.

ನಾಲ್ಕೇ ದಿನದಲ್ಲಿ ದೊಡ್ಡಪ್ಪ ಅಂಗಡಿಯಿಂದ ಹೊಸ ಬಿಳಿಯ ಮಲ್ಲು ಬಟ್ಟೆ ತರಿಸಿ ಕಟ್ಟಿಸಿದ. ವಿಧವೆಯ ಸೀರೆ ದಾರಿಹೋಕರಿಗೆ ಅಪಶಕುನವಂತೆ. ಬಂದವರಿಗೆಲ್ಲ "ಸೋಸಿದ ನೀರು ಕಣಪ್ಪಾ, ಕುಡಿ. ಹಾಗೇ ಕೊಡೋದು ಪಾಪ" ಎನ್ನತೊಡಗಿದ. ಜೈನರ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ. ಬಾವಿಯ ಮೆಟ್ಟಿಲ ಬಾಯಿಗೆ ಮುಳ್ಳುಬೇಲಿ ಹಾಕಿಸಿ, ಸೇದುವ ಹಗ್ಗ ಇಡಿಸಿದ. ಅದೂ ತನ್ನದೇ ಯೋಚನೆ ಎಂದು ಅಮಲ್ದಾರರಿಗೆ ಹೇಳಿ ಮೆಚ್ಚುಗೆ ಪಡೆದ. ಪಡೆಯಲಿ. ಹುಳುವಿಗೆ ಬೇಕಾದದ್ದು ಬಟ್ಟೆ, ಕಟ್ಟಿದವನ ಪ್ರಾಮಾಣಿಕತೆಯಲ್ಲ.

ಕುರಿಯವನ ಜ್ವರ ಇಳಿಯಿತು. ಊತ ಅರ್ಧ ಇಳಿಯಿತು. ಹರಡು ಮಾತ್ರ ಮಡಚದೆ ಕಲ್ಲಾಯಿತು. ಹೆಂಡತಿ ಕೊರಟಗೆರೆಯಿಂದ ಬಂದವಳು ಗಂಡನ ಕಾಲು ನೋಡಿದಳು. ಅವನನ್ನು ಮಂದೆಯ ಸಾಮಾನು ಹೊರುವ ಕತ್ತೆಯ ಮೇಲೆ ಕೂರಿಸಿದಳು. ಹೋಗುವ ಮುಂಚೆ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿ, "ಒಂದೇ ಸುತ್ತು ಅಂತ ಹೇಳಿರ್ನಿಲ್ವೇನ್ಲಾ?" ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಮಂದೆ ಬರುತ್ತದೆಯೋ ಇಲ್ಲವೋ ಎಂದು ನಾನು ದಿನವೂ ಆ ರಸ್ತೆ ನೋಡುತ್ತಿದ್ದೆ. ಬಂತು. ಮುಂದೆ ಹೆಂಡತಿ, ನಡುವೆ ಕುರಿ, ಬಹಳ ಹಿಂದೆ ಅವನು. ಕೋಲೂರಿ, ಎಡಗಾಲನ್ನು ಮಣ್ಣಿನಲ್ಲಿ ಗೀರೆಳೆಯುತ್ತ ಬರುತ್ತಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಹಿಂದಿನ ಸಾಲಿನ ಕುರಿಗಳೂ ನಿಂತು, ತಿರುಗಿ ನೋಡಿ, ಅವನು ಸಮೀಪಿಸಿದ ಮೇಲೆ ನಡೆಯುತ್ತಿದ್ದವು.

"ಬಾರಪ್ಪಾ ಬಾ! ನೋಡಿದಿರಾ, ನಡೀತಾ ಇದಾನೆ!" ಎಂದು ದೊಡ್ಡಪ್ಪ ಕುರ್ಚಿಯಿಂದಲೇ ಕೂಗಿದ. ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೊಡ್ಡಪ್ಪನಿಗೆ ಕೈಮುಗಿದ. ನನಗೆ ಆ ಕೈಗಳನ್ನು ಬಿಡಿಸಿಬಿಡಬೇಕು ಅನ್ನಿಸಿತು.

ಪಕ್ಕಕ್ಕೆ ಕರೆದು, "ನಿನಗೆ ಸಿಟ್ಟು ಬರೋದಿಲ್ಲವೇನಯ್ಯಾ?" ಎಂದು ಕೇಳಿದೆ.

"ಬತ್ತದೆ ಬುದ್ಧಿ. ಗುಡ್ಡ ಹತ್ತೋವಾಗ ಬತ್ತದೆ. ಇಲ್ಲಿಗಂಟ ಹೊತ್ಕಂಡು ಬರಾಕೆ ಕಾಲು ಸಾಲ್ದು."

ಸೋದರತ್ತೆ ಬಿದಿರನ್ನು ಕಂಬಕ್ಕೆ ಒರಗಿಸಿ, ಚೊಂಬನ್ನೇ ಅವನ ಕೈಗೆ ಕೊಡಲು ಬಂದಳು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ಮೊದಲು ಗುಡಾಣದ ಹತ್ತಿರ ಹೋಗಿ ಬಗ್ಗಿ, ಬಾಯಿಗೆ ಕಟ್ಟಿದ ಬಟ್ಟೆಯನ್ನು ಸುತ್ತಲೂ ಬೆರಳಿನಿಂದ ಒತ್ತಿ ನೋಡಿದ. ಒಂದು ಕಡೆ ದಾರ ಸಡಿಲವಾಗಿತ್ತು. ಅದನ್ನು ಬಿಗಿದು ಗಂಟು ಹಾಕಿ, ಆಮೇಲೆ ಕೈಚಾಚಿದ.